ಊಟದ ಸಾಲಿನಲ್ಲಿ ನಿಂತವರನ್ನು ನಮ್ಮ ಆಟಕ್ಕೆ ಎಳೆದದ್ದು ತಪ್ಪೇ? (ಮೇಳಗಳಲ್ಲಿ ಲಾರ್ಪ್ ಆಡುವವರೂ ಆಡದವರೂ ಹೇಳಿ)

ಓಲೆಕಾರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಶಿವಮೊಗ್ಗದಿಂದ ನಾವು ಆರು ಮಂದಿ ಗೆಳೆಯರು ಬೆಂಗಳೂರಿನಲ್ಲಿ ನಡೆದ ಒಂದು ಅಭಿಮಾನಿಗಳ ಮೇಳಕ್ಕೆ ಹೋಗಿದ್ದೆವು. ಮೇಳದ ಹೆಸರು ಬೇಡ, ಏಕೆಂದರೆ ನನ್ನ ದೂರು ಅವರ ಮೇಲಲ್ಲ. ನೀವೆಲ್ಲ ಓದಿ ಮುಗಿಸುವ ಹೊತ್ತಿಗೆ ಅದು ನಮ್ಮ ಮೇಲೆಯೇ ಬೀಳಬಹುದು.

ನಾವು ಬರಿಯ ವೇಷ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಲು ಹೋದವರಲ್ಲ. ಕೆಳದಿಯ ಚೆನ್ನಮ್ಮನ ಕಾಲವನ್ನು ಇಟ್ಟುಕೊಂಡು ಎರಡು ಗಂಟೆಯ ಒಂದು ಲಾರ್ಪ್, ಅಂದರೆ ವೇಷ ತೊಟ್ಟು ಪಾತ್ರವೇ ಆಗಿ ಓಡಾಡುತ್ತ ಆಡುವ ಆಟ, ಹೆಣೆದಿದ್ದೆವು. ಶಿವಾಜಿಯ ಮಗ ರಾಜಾರಾಮ ಮೊಘಲರ ಕೈಯಿಂದ ತಪ್ಪಿಸಿಕೊಂಡು ಕೆಳದಿ ಸೀಮೆಗೆ ಬಂದಿದ್ದಾನೆ, ಅವನನ್ನು ಜಿಂಜಿಯ ಕಡೆಗೆ ದಾಟಿಸುವ ಓಲೆ ಒಬ್ಬರ ಬಳಿ ಇದೆ, ಔರಂಗಜೇಬನ ಗೂಢಚಾರರು ಇಬ್ಬರಿದ್ದಾರೆ, ಯಾರು ಯಾರೆಂದು ಯಾರಿಗೂ ತಿಳಿಯದು. ಅಲ್ಲಿಯೇ ಪರಿಚಯವಾದ ಐದಾರು ಮಂದಿಯೂ ಸೇರಿಕೊಂಡಿದ್ದರಿಂದ ಎಲ್ಲರ ಮುಖವೂ ಎಲ್ಲರಿಗೂ ಗೊತ್ತಿರಲಿಲ್ಲ. ಗೂಢಚಾರರ ಗುರುತು ಬಿಳಿ ಜುಬ್ಬಾ ಎಂದು ನಿಶ್ಚಯಿಸಿದವನು ನಾನು, ಆದ್ದರಿಂದ ಮೊದಲ ತಪ್ಪು ನನ್ನದೇ.

ದಂಡನಾಯಕನಾಗಿದ್ದ ಗೆಳೆಯ ಊಟದ ಸಾಲಿನಲ್ಲಿ ಬಿಳಿ ಜುಬ್ಬಾ ತೊಟ್ಟು ಮಗಳ ಕೈ ಹಿಡಿದು ನಿಂತಿದ್ದ ಒಬ್ಬರನ್ನು ಅಡ್ಡಗಟ್ಟಿ, "ಮುದ್ರೆಯುಂಗುರ ತೋರಿಸು, ಇಲ್ಲವಾದರೆ ಮುಂದೆ ಹೆಜ್ಜೆ ಇಡಲು ಬಿಡೆನು" ಎಂದು ಗರ್ಜಿಸಿದ. ಅವರು ಆಟದವರಲ್ಲ, ಮಗಳಿಗೆ ತಿಂಡಿ ಕೊಡಿಸಲು ನಿಂತಿದ್ದವರು. ಮಗು ಅಳತೊಡಗಿತು, ಹಿಂದಿದ್ದವರು ಕೂಗಾಡಿದರು, ಸ್ವಯಂಸೇವಕಿಯೊಬ್ಬರು ಓಡಿ ಬಂದರು. ಅವರು ಕೇಳಿದಾಗಲೂ ನಮ್ಮವನು ಪಾತ್ರ ಬಿಡದೆ "ನೀನು ಯಾವ ಸೀಮೆಯವಳು?" ಎಂದುಬಿಟ್ಟ. ನಮ್ಮೆಲ್ಲರನ್ನೂ ಸಭಾಂಗಣದ ಹೊರಗೆ ಕಳುಹಿಸಿದರು.

ರಾತ್ರಿ ರೈಲಿನಲ್ಲಿ ಊರು ಮುಟ್ಟುವವರೆಗೂ ಜಗಳ. ಪಾತ್ರವನ್ನು ಬಿಡದಿರುವುದೇ ಲಾರ್ಪಿನ ಜೀವ ಎಂದು ಇಬ್ಬರು, ಟಿಕೆಟ್ ಕೊಂಡು ಬಂದವರೆಲ್ಲ ನಮ್ಮ ನಾಟಕದ ಪಾತ್ರಧಾರಿಗಳಲ್ಲ ಎಂದು ಇಬ್ಬರು, ಇನ್ನಿಬ್ಬರು ನಿದ್ದೆ. ಆಡದೆ ಸುಮ್ಮನೆ ಮೇಳ ನೋಡಲು ಬರುವವರಿಗೆ ನಾವು ಹೇಗೆ ಕಾಣುತ್ತೇವೆ ಎಂಬುದನ್ನು ತಿಳಿಯಬೇಕಾಗಿದೆ.

ಮಂಡಕ್ಕಿ ಮೆಣಸಿನಕಾಯಿ

ಒಂದು ಗಂಟೆ ಸಾಲಿನಲ್ಲಿ ನಿಂತವನ ಬಳಿ ಮುದ್ರೆಯುಂಗುರ ಕೇಳಿದರೆ ಅವನು ಊಟದ ಚೀಟಿಯನ್ನೂ ತೋರಿಸುವುದಿಲ್ಲ, ಮಾರಾಯರೇ.

ಕೆಲಸ ಇದೆ

ಮದುವೆಯ ವಯಸ್ಸಿಗೆ ಬಂದ ಗಂಡುಮಕ್ಕಳು ಮರದ ಕತ್ತಿ ಹಿಡಿದು ಅಪರಿಚಿತರನ್ನು ಅಡ್ಡಗಟ್ಟುವುದಕ್ಕೆ ಇಂಗ್ಲಿಷಿನ ನಾಲ್ಕು ಅಕ್ಷರ ಸೇರಿಸಿ ಒಂದು ಹೆಸರಿಟ್ಟ ಮಾತ್ರಕ್ಕೆ ಅದು ಕಲೆಯಾಗುವುದಿಲ್ಲ. ಅಡಿಕೆ ಕೊಯ್ಲಿಗೆ ಆಳು ಸಿಗದೆ ನಾವು ಒದ್ದಾಡುತ್ತಿದ್ದೇವೆ, ಬೇಕಾದರೆ ದಂಡನಾಯಕನನ್ನು ನಮ್ಮ ತೋಟಕ್ಕೆ ಕಳುಹಿಸಿ.

ಆರು ಮುಖದ ದಾಳ (ಶಿವಮೊಗ್ಗ)

ಇಲ್ಲಿ ಎರಡು ಬೇರೆ ಬೇರೆ ಹವ್ಯಾಸಗಳು ಕಲೆತುಹೋಗುತ್ತಿವೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೇಳಕ್ಕೆ ವೇಷ ಹಾಕಿಕೊಂಡು ಬರುವುದು ಹಳೆಯ ಸಂಗತಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬ ಇಬ್ಬರು ಭವಿಷ್ಯಕಾಲದ ಉಡುಪು ತೊಟ್ಟು ಬಂದಿದ್ದರು. ಹೊಲಿದವರು ಮರ್ಟಲ್, ಹೆಸರು ಹೆಚ್ಚು ಬಂದದ್ದು ಆಕರ್‌ಮನ್‌ಗೆ. ಹೀಗೆ ವೇಷ ತೊಡುವುದಕ್ಕೆ ಕಾಸ್‌ಪ್ಲೇ ಎಂಬ ಪದವನ್ನು ಜಪಾನಿನ ನೊಬುಯುಕಿ ತಕಹಾಶಿ 1984ರಲ್ಲಿ ಲಾಸ್ ಏಂಜಲೀಸಿನ ಸಮ್ಮೇಳನ ನೋಡಿ ಬಂದ ಮೇಲೆ ಹುಟ್ಟುಹಾಕಿದರು. ನಮ್ಮಲ್ಲಿ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಅಭಿಮಾನಿಗಳ ಮೇಳ ಮೊದಲು ನಡೆದದ್ದು 2011ರಲ್ಲಿ ದೆಹಲಿಯಲ್ಲಿ, ಮರುವರ್ಷ ಬೆಂಗಳೂರಿಗೆ ಬಂತು. ನಮ್ಮ ಊರಿನ ಹುಡುಗರು ಕಂಡ ಕಾಸ್‌ಪ್ಲೇ ಎಲ್ಲ ಅಲ್ಲಿಂದೀಚಿನದು.

ಲಾರ್ಪ್ ಬಂದ ದಾರಿ ಬೇರೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಸುತ್ತ ಕುಳಿತು ಆಡುವ ಪಾತ್ರದ ಆಟ ಬಂತು. ಮೇಜಿನಿಂದ ಎದ್ದು ಬಯಲಿಗೆ ಹೋದರೆ ಹೇಗೆ ಎಂದು ಹಲವರಿಗೆ ಹಲವು ಕಡೆ ಹೊಳೆಯಿತು. 1977ರಲ್ಲಿ ವಾಷಿಂಗ್ಟನ್ ಸುತ್ತಮುತ್ತ ಡಾಗರ್‌ಹಿರ್ ಎಂಬ ಬಳಗ ಮೆತ್ತನೆಯ ಆಯುಧ ಹಿಡಿದು ಕಾದಾಡತೊಡಗಿತು. 1982ರಲ್ಲಿ ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ ಟ್ರೆಷರ್ ಟ್ರ್ಯಾಪ್ ಎಂಬ ಆಟ ಶುರುವಾಯಿತು. ಇವೆರಡಕ್ಕೂ ಮರೆಯಿತ್ತು, ಆಡದವರು ಅಲ್ಲಿಗೆ ಬರುತ್ತಿರಲಿಲ್ಲ. ತೊಡಕು ಬಂದದ್ದು ರಕ್ತಪಿಶಾಚಿಗಳ ಆಟವಾದ ವ್ಯಾಂಪೈರ್‌ನಿಂದ. 1993ರಲ್ಲಿ ಅದರ ಲಾರ್ಪ್ ನಿಯಮಗಳು ಬಂದ ಮೇಲೆ ಆಟ ಕಾಡು ಕೋಟೆ ಬಿಟ್ಟು ಮೇಳ ನಡೆಯುವ ಹೋಟೆಲುಗಳ ಮೊಗಸಾಲೆಗೇ ಬಂದುಬಿಟ್ಟಿತು. ಅದರಲ್ಲಿ ಆಯುಧವಿಲ್ಲ, ಹೊಡೆದಾಟವನ್ನು ಕಲ್ಲು-ಕಾಗದ-ಕತ್ತರಿ ಆಡಿ ತೀರ್ಮಾನಿಸುತ್ತಾರೆ. ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿ ಕಟ್ಟಿಕೊಂಡು ನಡೆದರೆ ಆ ವ್ಯಕ್ತಿ ಅದೃಶ್ಯನಾಗಿದ್ದಾನೆ ಎಂದರ್ಥ. ಲಿಫ್ಟಿಗೆ ಕಾಯುತ್ತ ನಿಂತ ಯಾರೋ ಪ್ರವಾಸಿಗೆ ಕಪ್ಪು ಕೋಟು ತೊಟ್ಟ ಇಬ್ಬರು ಗಂಭೀರವಾಗಿ ಕಲ್ಲು-ಕಾಗದ-ಕತ್ತರಿ ಆಡುವುದು ಹೇಗೆ ಕಂಡಿರಬಹುದು ಎಂದು ಯೋಚಿಸಿ ನೋಡಿ.

ಕಾಸ್‌ಪ್ಲೇಗೆ ನೋಡುವವರು ಬೇಕು. ಲಾರ್ಪಿನಲ್ಲಿ ಆಡುವವರೇ ನೋಡುವವರು. ಹೊರಗಿನಿಂದ ನೋಡಿದವನಿಗೆ ಅದರ ಅರ್ಧವೂ ಕಾಣುವುದಿಲ್ಲ, ಆದ್ದರಿಂದ ಅವನಿಗೆ ಅದು ಹುಚ್ಚಾಟ ಎನಿಸಿದರೆ ಆಶ್ಚರ್ಯವಿಲ್ಲ.

ನೀಲಿ ವಿಗ್ಗು

ದಾಳದವರೇ, ಒಂದು ತಿದ್ದುಪಡಿ. ತಕಹಾಶಿ ಆ ಪದವನ್ನು ಬಳಸಿದ್ದು 1983ರ "ಮೈ ಅನಿಮೆ" ಪತ್ರಿಕೆಯ ಲೇಖನದಲ್ಲಿ, ಅಂದರೆ ಲಾಸ್ ಏಂಜಲೀಸಿಗೆ ಹೋಗುವ ಮೊದಲೇ. 1984ರ ಕಥೆ ಎಲ್ಲ ಕಡೆ ಓಡಾಡುತ್ತಿದೆ, ಆದರೆ ಇಸವಿಯ ಲೆಕ್ಕ ಕೂಡುವುದಿಲ್ಲ.

ಆರು ಮುಖದ ದಾಳ (ಶಿವಮೊಗ್ಗ)

ಒಪ್ಪಿದೆ ಅಕ್ಕ. ನಾನೂ ಆ ಓಡಾಡುವ ಕಥೆಯನ್ನೇ ನಂಬಿದ್ದೆ.

ಸಾಲಿನಲ್ಲಿ ನಿಂತವ (ಭದ್ರಾವತಿ)

ನಾನು ಆ ಜುಬ್ಬಾದವನಲ್ಲ, ಆದರೆ ಅಂತಹ ಸಾಲಿನಲ್ಲಿ ಹಲವು ಸಲ ನಿಂತವನು, ಆದ್ದರಿಂದ ನೀವು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ.

ವೇಷ ಹಾಕಿದವರನ್ನು ಕಂಡರೆ ನನಗೆ ಸಂತೋಷವೇ. ಅವರು ತಿಂಗಳುಗಟ್ಟಲೆ ಕುಳಿತು ಮಾಡಿದ ಕವಚವನ್ನು ಹತ್ತಿರದಿಂದ ನೋಡಲೆಂದೇ ನಾನು ಇಷ್ಟು ದೂರ ಬರುತ್ತೇನೆ. ಒಬ್ಬ ಕಾಸ್‌ಪ್ಲೇಯರ್ ನನ್ನ ಎದುರು ನಿಂತಾಗ ನಾನು ಏನು ಮಾಡಬೇಕೆಂಬುದು ನನಗೆ ಗೊತ್ತು: ಚೆನ್ನಾಗಿದೆ ಎನ್ನಬೇಕು, ಫೋಟೋ ಕೇಳಬೇಕು, ದಾರಿ ಬಿಡಬೇಕು. ನಿಮ್ಮಂಥವರು ಎದುರು ಬಂದಾಗ ನನಗೆ ಒಂದು ಪಾತ್ರ ಕೊಟ್ಟಿದ್ದೀರಿ, ಮಾತು ಕೊಟ್ಟಿಲ್ಲ. ಎಲ್ಲರೂ ತಿರುಗಿ ನೋಡುತ್ತಾರೆ. ನಗಬೇಕೋ, ಉತ್ತರ ಕೊಡಬೇಕೋ, ಇದು ನಿಜವಾದ ಜಗಳವೋ ತಿಳಿಯುವುದಿಲ್ಲ. ನನಗೆ ಬರುವುದು ಸಿಟ್ಟಲ್ಲ, ನಾಚಿಕೆ. ಸಿಟ್ಟು ಬರುವುದು ಆಮೇಲೆ, ನನ್ನನ್ನು ನಾಚಿಸಿದವರ ಮೇಲೆ.

ಇನ್ನೊಂದು ಸಣ್ಣ ವಿಷಯವೂ ಇದೆ. ಲಾರ್ಪಿನವರು ಯಾವಾಗಲೂ ದಾರಿಯ ನಡುವೆಯೇ ಗುಂಪುಗೂಡಿ ಪಿಸುಗುಡುತ್ತಾರೆ. ಮಳಿಗೆಯವರಿಗೂ ಅದರಿಂದ ನಷ್ಟ. ಪಿತೂರಿ ಮಾಡುವವರು ಗೋಡೆಯ ಬದಿಗೆ ಹೋಗಿ ಮಾಡಬೇಕಲ್ಲವೇ?

ಹವ್ಯಾಸಿ ವೇಷಧಾರಿ (ಸಾಗರ)

ಯಕ್ಷಗಾನದಲ್ಲಿ ನಾವು ಇದಕ್ಕೆ ಎಂದೋ ದಾರಿ ಮಾಡಿಕೊಂಡಿದ್ದೇವೆ. ಚೌಕಿ ಒಂದು, ರಂಗಸ್ಥಳ ಒಂದು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ನಾನು ನಾನೇ, ಕವಳ ಹಾಕುತ್ತೇನೆ, ಅಡಿಕೆ ಧಾರಣೆ ಕೇಳುತ್ತೇನೆ. ರಂಗಸ್ಥಳಕ್ಕೆ ಕಾಲಿಟ್ಟ ಮೇಲೆ ನಾನು ಕರ್ಣ. ನಮ್ಮ ಊರಿನ ಹವ್ಯಾಸಿ ತಂಡದಲ್ಲಿ ಕಿರೀಟ ಕಟ್ಟಿದ ಮೇಲೆ ಪೇಟೆಯ ಕಡೆ ಅಡ್ಡಾಡಿದವನಿಗೆ ಹಿರಿಯರ ಬೈಗುಳ ತಪ್ಪುತ್ತಿರಲಿಲ್ಲ. ವೇಷ ಹಗುರವಾಗುತ್ತದೆ ಎನ್ನುತ್ತಿದ್ದರು. ನಿಮ್ಮ ದಂಡನಾಯಕನಿಗೆ ರಂಗಸ್ಥಳವೇ ಇರಲಿಲ್ಲ, ಆದ್ದರಿಂದ ಇಡೀ ಸಭಾಂಗಣವನ್ನೇ ರಂಗಸ್ಥಳ ಎಂದುಕೊಂಡ.

ಹಾಗೆಯೇ "ಕೆಲಸ ಇದೆ" ಎನ್ನುವವರಿಗೂ ಒಂದು ಮಾತು. ಕೊಯ್ಲು ಮುಗಿಸಿ ರಾತ್ರಿಯಿಡೀ ವೇಷ ಕಟ್ಟಿ, ಬೆಳಿಗ್ಗೆ ಮುಖದ ಬಣ್ಣ ಪೂರ್ತಿ ಹೋಗದೆಯೇ ತೋಟಕ್ಕೆ ಹೋದವರು ನಮ್ಮ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ. ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಕಟ್ಟಿದವರಿಗೂ ತೋಟ ಇತ್ತು.

ಕೆಲಸ ಇದೆ

ಯಕ್ಷಗಾನಕ್ಕೆ ಪ್ರಸಂಗ ಇದೆ, ತಾಳ ಇದೆ, ಕಲಿಸುವ ಗುರು ಇದ್ದಾನೆ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮಂಡಕ್ಕಿ ಮೆಣಸಿನಕಾಯಿ

ಸಾಗರದವರೇ, ಚೌಕಿ-ರಂಗಸ್ಥಳದ ಗಡಿ ನೀವು ಹೇಳುವಷ್ಟು ಗಟ್ಟಿಯೇ? ತೆಂಕುತಿಟ್ಟಿನ ದೇವಿಮಹಾತ್ಮೆಯಲ್ಲಿ ಮಹಿಷಾಸುರ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವುದಿಲ್ಲ, ದೊಂದಿ ಹಿಡಿದು ಪ್ರೇಕ್ಷಕರ ನಡುವಿನಿಂದಲೇ ಅಬ್ಬರಿಸುತ್ತ ಬರುತ್ತಾನೆ. ನಾನು ಆರು ವರ್ಷದವನಿದ್ದಾಗ ಘಟ್ಟದ ಕೆಳಗಿನ ಅತ್ತೆಯ ಮನೆಯಲ್ಲಿ ಅದನ್ನು ನೋಡಿ ಚಾಪೆಯಡಿಗೆ ನುಗ್ಗಿದವನು. ನನ್ನನ್ನು ಯಾರೂ ಒಪ್ಪಿಗೆ ಕೇಳಲಿಲ್ಲ.

ಹವ್ಯಾಸಿ ವೇಷಧಾರಿ (ಸಾಗರ)

ಒಳ್ಳೆಯ ಪ್ರಶ್ನೆ, ಸ್ವಾಮಿ. ಆದರೆ ನೀವು ಅಂದು ಏನೇನು ನೋಡಿದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಮಹಿಷ ಬರುವ ಮೊದಲೇ ಚೆಂಡೆಯ ಪೆಟ್ಟು ಬದಲಾಗುತ್ತದೆ, ಮುಂದೆ ಜನ ಓಡಿ ದಾರಿ ಬಿಡಿಸುತ್ತಾರೆ, ಅಕ್ಕಪಕ್ಕ ದೊಂದಿಯವರು ಇರುತ್ತಾರೆ. ಮಹಿಷ ಎಷ್ಟೇ ಅಬ್ಬರಿಸಿದರೂ ನಿಮ್ಮ ಅತ್ತೆಯನ್ನು ತಡೆದು ನಿಲ್ಲಿಸಿ ಅವಳ ಹೆಸರು ಕೇಳುವುದಿಲ್ಲ. ಅವನು ನಿಮ್ಮ ನಡುವೆ ಹಾದುಹೋಗುತ್ತಾನೆಯೇ ಹೊರತು ನಿಮ್ಮನ್ನು ಪ್ರಸಂಗದೊಳಗೆ ಎಳೆಯುವುದಿಲ್ಲ. ಅಲ್ಲದೆ ಅಲ್ಲಿ ಕುಳಿತವರೆಲ್ಲ ಅವನಿಗಾಗಿಯೇ ಕಾದಿದ್ದವರು. ಊಟದ ಸಾಲಿನವರು ಊಟಕ್ಕೆ ಕಾದಿದ್ದರು.

ಹಳೇ ತಲೆ (ಶಿಕಾರಿಪುರ)

ನೀವೆಲ್ಲ ಯಕ್ಷಗಾನದ ಬಳಿಯೇ ನಿಂತಿರಿ. ಈ ಹುಡುಗರ ಆಟಕ್ಕೆ ಹತ್ತಿರದ ನೆಂಟ ಹಗಲುವೇಷ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಹಗಲುವೇಷದವರು ನಮ್ಮ ಊರಿಗೆ ಬಂದು ಒಂದೆರಡು ವಾರ ಬೀಡುಬಿಡುತ್ತಿದ್ದರು. ದಿನಕ್ಕೊಂದು ವೇಷ. ಅವರಿಗೆ ರಂಗಸ್ಥಳವೂ ಇಲ್ಲ, ಪರದೆಯೂ ಇಲ್ಲ, ಬೀದಿಯೇ ಎಲ್ಲ. ಒಂದು ದಿನ ಮಧ್ಯಾಹ್ನ ಖಾಕಿ ತೊಟ್ಟ ಒಬ್ಬ ನಮ್ಮ ಜಗಲಿಗೆ ಬಂದು, ನನ್ನ ಅಜ್ಜನ ಬಳಿ ಬಂದೂಕಿನ ಪರವಾನಗಿ ಎಲ್ಲಿ ಎಂದು ಗದರಿಸಿದ. ಅಜ್ಜ ನಡುಗುತ್ತ ಒಳಗೆ ಹೋಗಿ ಟ್ರಂಕು ತೆರೆದು ಕಾಗದ ಹುಡುಕತೊಡಗಿದರು. ಅಷ್ಟರಲ್ಲಿ ಹೊರಗೆ ಹಾರ್ಮೋನಿಯಂ ಕೇಳಿಸಿತು.

ಆ ಹಾರ್ಮೋನಿಯಮ್ಮೇ ಇಲ್ಲಿ ಮುಖ್ಯ. ಎಷ್ಟು ನಂಬಿಸಿದರೂ ಕೊನೆಗೆ ಅವನು ತಾನು ಯಾರೆಂದು ತೋರಿಸಿಕೊಳ್ಳುತ್ತಿದ್ದ, ಎರಡು ಪದ ಹಾಡುತ್ತಿದ್ದ, ಅಕ್ಕಿಯೋ ಕಾಸೋ ಇಸಿದುಕೊಂಡು ಹರಸಿ ಹೋಗುತ್ತಿದ್ದ. ಮೋಸಹೋದ ಅಜ್ಜನೇ ಎಲ್ಲರಿಗಿಂತ ಹೆಚ್ಚು ನಕ್ಕು ಎರಡು ಸೇರು ಅಕ್ಕಿ ಕೊಟ್ಟರು. ಸ್ವಯಂಸೇವಕಿ ಬಂದು ಕೇಳಿದ ಮೇಲೂ ನಿಮ್ಮ ಗೆಳೆಯ "ಯಾವ ಸೀಮೆಯವಳು" ಎಂದನಲ್ಲ, ಅಲ್ಲಿ ಕೆಟ್ಟಿತು ನೋಡಿ. ಅಡ್ಡಗಟ್ಟಿದ್ದನ್ನು ಜನ ಮನ್ನಿಸಿಯಾರು, ಬಿಚ್ಚಿ ತೋರಿಸದಿದ್ದನ್ನು ಮನ್ನಿಸುವುದಿಲ್ಲ.

ಆರು ಮುಖದ ದಾಳ (ಶಿವಮೊಗ್ಗ)

ಹಿರಿಯರೇ, ಕಥೆ ಸೊಗಸಾಗಿದೆ. ಆದರೆ ಇಂದು ಖಾಕಿ ವೇಷ ತೊಟ್ಟು ಯಾರ ಜಗಲಿಗೂ ಹೋಗುವಂತಿಲ್ಲ. ಮೋಸದ ಉದ್ದೇಶದಿಂದ ಸರಕಾರಿ ನೌಕರರ ಸಮವಸ್ತ್ರ ತೊಡುವುದು ಅಪರಾಧ, ಮತ್ತು ನಿಮ್ಮ ಉದ್ದೇಶ ಮೋಸವಲ್ಲ, ಕಲೆ ಎಂಬುದನ್ನು ಠಾಣೆಯಲ್ಲಿ ಕುಳಿತು ವಿವರಿಸುವ ಹೊತ್ತಿಗೆ ಮೇಳ ಮುಗಿದಿರುತ್ತದೆ. ಲಾರ್ಪಿನಲ್ಲಿ ಪೊಲೀಸ್ ಪಾತ್ರ ಬೇಕಾದರೆ ಸಮವಸ್ತ್ರ ಬಿಟ್ಟು ಬೇರೆ ಗುರುತು ಇಟ್ಟುಕೊಳ್ಳುವುದು ಲೇಸು.

ನೀಲಿ ವಿಗ್ಗು

ಈಗ ನನ್ನ ಸರದಿ. ನಾನು ಏಳು ವರ್ಷದಿಂದ ವೇಷ ಹಾಕಿಕೊಂಡು ಮೇಳಗಳಿಗೆ ಹೋಗುತ್ತಿದ್ದೇನೆ. ಇಲ್ಲಿ ಎಲ್ಲರೂ ವೇಷದವರು ಜನರಿಗೆ ಕೊಡುವ ಕಿರುಕುಳದ ಬಗ್ಗೆಯೇ ಬರೆಯುತ್ತಿದ್ದೀರಿ, ಜನ ವೇಷದವರಿಗೆ ಕೊಡುವುದನ್ನು ಯಾರೂ ಎತ್ತಲಿಲ್ಲ.

ಕೇಳದೆ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ವಿಗ್ಗು ಎಳೆದು ನೋಡುತ್ತಾರೆ. ಇಪ್ಪತ್ತು ದಿನ ಕುಳಿತು ಅಂಟಿಸಿದ ರೆಕ್ಕೆಯನ್ನು "ಇದು ಥರ್ಮೋಕೋಲಾ?" ಎಂದು ಉಗುರಿನಿಂದ ಕೆರೆದು ನೋಡಿದವರೂ ಇದ್ದಾರೆ. ಇದರಿಂದ ಬೇಸತ್ತೇ ಹೊರದೇಶಗಳಲ್ಲಿ "ಕಾಸ್‌ಪ್ಲೇ ಎಂದರೆ ಒಪ್ಪಿಗೆಯಲ್ಲ" ಎಂಬ ಚಳವಳಿ ಎದ್ದಿತು, 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಆ ಮಾತನ್ನು ದೊಡ್ಡ ಫಲಕಗಳಲ್ಲಿ ಬರೆದು ನಿಲ್ಲಿಸಿತು. ಕೇಳಿ ಫೋಟೋ ತೆಗೆಯಿರಿ, ಮುಟ್ಟಬೇಡಿ ಎಂಬುದೇ ಅದರ ಸಾರ.

ಓಲೆಕಾರರೇ, ನಿಮ್ಮ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಒಪ್ಪಿಗೆ ಕೇಳಿ ಎಂದು ಜನರಿಗೆ ಹೇಳಿಕೊಟ್ಟು ನಾವು ಸುಸ್ತಾಗಿದ್ದೇವೆ. ಆಗ ನಿಮ್ಮ ದಂಡನಾಯಕ ಬಂದು ಒಪ್ಪಿಗೆ ಕೇಳದೆ ಒಬ್ಬರ ದಾರಿಗೆ ಅಡ್ಡ ನಿಂತರೆ, ಮರುದಿನ ಅದೇ ಸಭಾಂಗಣಕ್ಕೆ ಬಣ್ಣದ ವಿಗ್ಗು ತೊಟ್ಟು ಹೋಗುವ ನನ್ನನ್ನು ಜನ ಯಾವ ಕಣ್ಣಿನಿಂದ ನೋಡುತ್ತಾರೆ? ಹೊರಗಿನವರಿಗೆ ನೀವು ಲಾರ್ಪ್, ನಾನು ಕಾಸ್‌ಪ್ಲೇ ಎಂಬ ಭೇದವಿಲ್ಲ, ಎಲ್ಲರೂ "ವೇಷದವರು".

ಗಾಂಧಿ ಬಜಾರ್

ಮಾತು ಬಂದದ್ದರಿಂದ ಕೇಳುತ್ತೇನೆ, ನೀವೆಲ್ಲ ಕವಚ, ರೆಕ್ಕೆ ಮಾಡುವ ಆ ಹಾಳೆಯನ್ನು ಎಲ್ಲಿಂದ ತರುತ್ತೀರಿ? ಈಚೆಗೆ ನಮ್ಮ ಅಂಗಡಿಗೆ ಹುಡುಗರು ಬಂದು ಯೋಗದ ಚಾಪೆಯನ್ನು ಬಗ್ಗಿಸಿ, ಹಿಂಡಿ, ಕೊನೆಗೆ ಕತ್ತರಿಸಿದರೆ ಒಳಗೆ ಯಾವ ಬಣ್ಣ ಇರುತ್ತದೆ ಎಂದು ಕೇಳುತ್ತಾರೆ. ಯೋಗ ಮಾಡುವವರಂತೆ ಒಬ್ಬರೂ ಕಾಣುವುದಿಲ್ಲ.

ನೀಲಿ ವಿಗ್ಗು

ನಾವೇ ಅವರು, ಅಣ್ಣ. ಇವಿಎ ಎಂಬ ಮೆತ್ತನೆಯ ಫೋಮ್ ಹಾಳೆ ಸಿಗದಿದ್ದರೆ ಯೋಗದ ಚಾಪೆಯೇ ಗತಿ. ಹೀಟ್ ಗನ್ನಿನಿಂದ ಬಿಸಿ ಮಾಡಿ ಬಗ್ಗಿಸಿದರೆ ತಣ್ಣಗಾದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ.

ಹವ್ಯಾಸಿ ವೇಷಧಾರಿ (ಸಾಗರ)

ಅಡಿಕೆ ಹಾಳೆಯನ್ನು ಯಾರೂ ಏಕೆ ನೆನೆಯುವುದಿಲ್ಲ? ನೆನೆಸಿ ಬಗ್ಗಿಸಿ, ಮೇಲೆ ಭಾರವಿಟ್ಟು ಒಣಗಿಸಿದರೆ ಎದೆಕವಚಕ್ಕೆ ಅದಕ್ಕಿಂತ ಹಗುರವಾದದ್ದು ಇನ್ನೊಂದಿಲ್ಲ. ಕೆಳದಿಯ ದಂಡನಾಯಕನಿಗೆ ಯೋಗದ ಚಾಪೆಯ ಕವಚ ತೊಡಿಸುವುದು ಯಾವ ನ್ಯಾಯ?

ಎರಡು ಮಕ್ಕಳ ಅಮ್ಮ

ನಾನು ಆಡುವವಳಲ್ಲ, ಮಕ್ಕಳನ್ನು ಕರೆದುಕೊಂಡು ಹೋಗುವವಳು. ನನ್ನ ಹಿರಿಯವಳಿಗೆ ಹನ್ನೆರಡು ವರ್ಷ, ಅವಳನ್ನು ಯಾರಾದರೂ ಮುದ್ರೆಯುಂಗುರ ಕೇಳಿದ್ದರೆ ಅಲ್ಲಿಯೇ ಒಂದು ಕಥೆ ಕಟ್ಟಿ ಅವರನ್ನೇ ಸೆರೆಹಿಡಿಯುತ್ತಿದ್ದಳು. ಕಿರಿಯವನಿಗೆ ಐದು, ಅವನಿಗೆ ಮುಖವಾಡ ಎಂದರೆ ಭಯ. ಒಂದೇ ತಾಯಿಯ ಎರಡು ಮಕ್ಕಳಲ್ಲಿಯೇ ಹೀಗಿರುವಾಗ ಎದುರು ನಿಂತ ಅಪರಿಚಿತರು ಯಾವ ಬಗೆಯವರೆಂದು ನಿಮಗೆ ಹೇಗೆ ಗೊತ್ತಾಗುತ್ತದೆ?

ಒಂದು ಕಡೆ ಒಬ್ಬ ಹುಡುಗ ದೆವ್ವದ ವೇಷದಲ್ಲಿದ್ದ. ನನ್ನ ಮಗ ನನ್ನ ಸೆರಗಿನ ಹಿಂದೆ ಅಡಗಿದ್ದನ್ನು ಕಂಡದ್ದೇ ಅವನು ಮೂರು ಹೆಜ್ಜೆ ಹಿಂದೆ ಸರಿದು, ನೆಲದ ಮೇಲೆ ಕುಳಿತು, ಮುಖವಾಡ ತೆಗೆದು ಪಕ್ಕಕ್ಕಿಟ್ಟ. ಒಂದು ಮಾತೂ ಆಡಲಿಲ್ಲ. ಐದು ನಿಮಿಷದಲ್ಲಿ ನನ್ನ ಮಗನೇ ಹೋಗಿ ಆ ಮುಖವಾಡವನ್ನು ಮುಟ್ಟಿ ನೋಡಿದ. ಆ ಹುಡುಗ ಯಾರೋ ಗೊತ್ತಿಲ್ಲ, ಅವನ ತಾಯಿ ಪುಣ್ಯವಂತೆ.

ಕಾಡುದಾರಿ (ಹೊಸನಗರ)

ಇಷ್ಟೆಲ್ಲ ತಾಪತ್ರಯ ಏಕೆ? ಮೇಳದ ಸಭಾಂಗಣ ಬಿಟ್ಟು ನಮ್ಮ ಕಡೆ ಬನ್ನಿ. ಕವಲೇದುರ್ಗದ ಕೋಟೆ ಕೆಳದಿಯವರದೇ, ನಿಮ್ಮ ಕಥೆಯೂ ಅವರದೇ.

ಓಲೆಕಾರ (ತೀರ್ಥಹಳ್ಳಿ)

ಆ ಯೋಚನೆ ಬಂದಿತ್ತು. ಮೂರು ಕಾರಣಗಳಿಂದ ಬಿಟ್ಟೆವು. ಕೋಟೆಗೆ ಬರುವವರೆಲ್ಲ ಪ್ರವಾಸಿಗರು, ಆದ್ದರಿಂದ ಊಟದ ಸಾಲಿನ ತೊಂದರೆ ಅಲ್ಲಿಯೂ ಇದ್ದದ್ದೇ, ಸಾಲದ್ದಕ್ಕೆ ಅಲ್ಲಿ ಮೆಟ್ಟಿಲು ಬೇರೆ ಜಾರುತ್ತವೆ. ಮಳೆಗಾಲದಲ್ಲಿ ಇಂಬಳ. ಮಳೆ ಹೋದ ಮೇಲೆ ಕಾಡಿನ ಬದಿ ಆಡೋಣವೆಂದರೆ ಉಣುಗಿನ ಕಾಲ ಶುರುವಾಗುತ್ತದೆ, ಮಂಗನ ಕಾಯಿಲೆಯ ಭಯ.

ಕಾಡುದಾರಿ (ಹೊಸನಗರ)

ಅದು ನಿಜ, ನಾನು ಹಗುರವಾಗಿ ಹೇಳಬಾರದಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದಲೇ ಆ ಕಾಯಿಲೆಗೆ ಆ ಊರಿನ ಹೆಸರು ಬಂತು. ಬೇಸಿಗೆಯ ತಿಂಗಳುಗಳಲ್ಲಿ ಒಣ ಎಲೆಯ ಮೇಲೆ ತೆವಳುವ, ಪೊದೆಯಲ್ಲಿ ಅಡಗುವ ಆಟವನ್ನು ನಮ್ಮ ಕಡೆ ಯಾರೂ ಆಡಬಾರದು. ಯೂರೋಪಿನವರು ಕಾಡಿನಲ್ಲಿ ಆಡುವ ವೀಡಿಯೋ ನೋಡಿ ಇಲ್ಲಿ ಹಾಗೆಯೇ ಮಾಡಲು ಹೊರಟರೆ ಗೂಢಚಾರನಿಗಿಂತ ಮೊದಲು ಉಣುಗು ಹಿಡಿಯುತ್ತದೆ.

ಸಾಲಿನಲ್ಲಿ ನಿಂತವ (ಭದ್ರಾವತಿ)

ಆಯುಧದ ವಿಷಯ ಯಾರೂ ಎತ್ತಲಿಲ್ಲ. ದಂಡನಾಯಕನ ಕೈಯಲ್ಲಿ ಏನಿತ್ತು?

ಓಲೆಕಾರ (ತೀರ್ಥಹಳ್ಳಿ)

ಕತ್ತಿ. ಒಳಗೆ ಪಿವಿಸಿ ಕೊಳವೆ, ಹೊರಗೆ ಎರಡು ಸುತ್ತು ಸ್ಪಂಜು, ಮೇಲೆ ಬೆಳ್ಳಿಯ ಬಣ್ಣದ ಟೇಪು. ಹೊಡೆದರೂ ನೋಯುವುದಿಲ್ಲ. ಬಾಗಿಲಲ್ಲಿ ಪರೀಕ್ಷಿಸಿ ಬಿಟ್ಟಿದ್ದರು.

ಆರು ಮುಖದ ದಾಳ (ಶಿವಮೊಗ್ಗ)

ನೋಯುವುದಿಲ್ಲ ಎಂಬುದು ಹಿಡಿದವನಿಗೆ ಗೊತ್ತು, ಎದುರಿಗಿದ್ದವನಿಗೆ ಕಾಣುವುದು ಬೆಳ್ಳಿಯ ಬಣ್ಣ. 2017ರಲ್ಲಿ ಅಮೆರಿಕದ ಫೀನಿಕ್ಸ್ ಕಾಮಿಕ್‌ಕಾನ್‌ಗೆ ಒಬ್ಬ ನಿಜವಾದ ಬಂದೂಕುಗಳನ್ನು ಹೊತ್ತು ಒಳಗೆ ಬಂದುಬಿಟ್ಟ, ಪೊಲೀಸರು ಹಿಡಿದರು. ಮರುಕ್ಷಣದಿಂದ ಆ ಮೇಳದಲ್ಲಿ ಆಟದ ಆಯುಧಗಳಿಗೂ ನಿಷೇಧ ಬಿತ್ತು. ತಿಂಗಳುಗಟ್ಟಲೆ ಕುಳಿತು ಮಾಡಿದ ಹುಸಿ ಕತ್ತಿ ಬಂದೂಕುಗಳನ್ನು ಜನ ಬಾಗಿಲಲ್ಲೇ ಬಿಡಬೇಕಾಯಿತು. ಹಲವು ಮೇಳಗಳಲ್ಲಿ ಆಯುಧವನ್ನು ಬಾಗಿಲಲ್ಲಿ ನೋಡಿ, ಒರೆಯಿಂದ ಹೊರಗೆ ಬಾರದಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಒಳಗೆ ಬಿಡುತ್ತಾರೆ. ಕಟ್ಟಿದ ಕತ್ತಿ ಕಂಡರೆ ಸಾಲಿನಲ್ಲಿ ನಿಂತವರಿಗೂ ನೆಮ್ಮದಿ.

ಗಡಿಯ ವಿಷಯಕ್ಕೆ ಬಂದರೆ, ಇದನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ವ್ಯಾಂಪೈರ್ ಆಟದಲ್ಲಿ ತಲೆಯ ಮೇಲೆ ಕೈ ಇಟ್ಟರೆ ಅವನು ಪಾತ್ರದಿಂದ ಹೊರಗಿದ್ದಾನೆ ಎಂದರ್ಥ. ಉತ್ತರ ಯೂರೋಪಿನ ಲಾರ್ಪಿನವರಲ್ಲಿ ಎರಡು ಮಾತುಗಳಿವೆ: "ಬ್ರೇಕ್" ಎಂದರೆ ಸ್ವಲ್ಪ ತಗ್ಗಿಸು, "ಕಟ್" ಎಂದರೆ ಆ ಕ್ಷಣವೇ ಎಲ್ಲವೂ ನಿಲ್ಲಬೇಕು. ಅವರು 1997ರಲ್ಲಿ ಓಸ್ಲೋದಲ್ಲಿ ಶುರುಮಾಡಿದ ಕ್ನೂಟ್‌ಪುಂಕ್ಟ್ ಎಂಬ ಸಮಾವೇಶದಲ್ಲಿ ಇಂಥ ವಿಷಯಗಳ ಮೇಲೆಯೇ ವರ್ಷವರ್ಷವೂ ಚರ್ಚಿಸುತ್ತಾರೆ.

ಮಂಡಕ್ಕಿ ಮೆಣಸಿನಕಾಯಿ

ಓಸ್ಲೋವರೆಗೆ ಏಕೆ ಹೋಗುತ್ತೀರಿ? ಶಾಲೆಯ ಬಯಲಿನಲ್ಲಿ "ಟೈಂ ಪ್ಲೀಸ್" ಎಂದು ಕೂಗಿದವನನ್ನು ಮುಟ್ಟಿ ಔಟು ಮಾಡಿದವನಿಗೆ ಎರಡು ದಿನ ಯಾರೂ ಮಾತಾಡಿಸುತ್ತಿರಲಿಲ್ಲ. ಅದಕ್ಕಿಂತ ಕಠಿಣವಾದ ನಿಯಮ ನಾರ್ವೆಯಲ್ಲಿಯೂ ಇರಲಾರದು.

ನೀಲಿ ವಿಗ್ಗು

ಆದರೆ ಅದು ಆಡುವವರ ನಡುವಿನ ಮಾತು. ಸಾಲಿನಲ್ಲಿ ನಿಂತವರಿಗೆ ನಿಮ್ಮ "ಕಟ್" ಗೊತ್ತಿಲ್ಲ, ತಲೆಯ ಮೇಲೆ ಕೈ ಇಟ್ಟರೆ ಏನರ್ಥವೆಂದೂ ಗೊತ್ತಿಲ್ಲ. ಅವರು ಆಡುವ "ಏನ್ರೀ ಇದು" ಎಂಬ ಮಾತೇ ಕಟ್ ಎಂದು ತಿಳಿಯುವ ಹೊಣೆ ವೇಷ ಹಾಕಿದವರ ಮೇಲೆಯೇ ಇರಬೇಕು. ಆಡುವವರ ತೋಳಿಗೆ ಒಂದು ಪಟ್ಟಿ ಕಟ್ಟಿ. ಪಟ್ಟಿ ಇಲ್ಲದವರನ್ನು ಪಾತ್ರದ ಮಾತಿನಲ್ಲಿ ಮಾತಾಡಿಸಕೂಡದು, ಅಷ್ಟೇ.

ಹವ್ಯಾಸಿ ವೇಷಧಾರಿ (ಸಾಗರ)

ತೋಳಪಟ್ಟಿ ಕಟ್ಟಿದ ಗೂಢಚಾರನೇ! ಗೂಢವೇ ಇಲ್ಲದ ಮೇಲೆ ಅವನು ಏನು ಚಾರ?

ನೀಲಿ ವಿಗ್ಗು

ಪಟ್ಟಿ ಎಲ್ಲ ಆಟಗಾರರಿಗೂ ಒಂದೇ ಬಣ್ಣದ್ದಿರುತ್ತದೆ, ಸಾಗರದವರೇ. ಯಾರು ಆಟದಲ್ಲಿದ್ದಾರೆ ಎಂಬುದು ತಿಳಿಯುತ್ತದೆ, ಯಾರು ಯಾರ ಕಡೆ ಎಂಬುದು ತಿಳಿಯುವುದಿಲ್ಲ. ಬಿಳಿ ಜುಬ್ಬಾಕ್ಕಿಂತ ಇದೇ ಮೇಲಲ್ಲವೇ?

ಹಳೇ ತಲೆ (ಶಿಕಾರಿಪುರ)

ಆ ಜುಬ್ಬಾದ ಮನುಷ್ಯನಿಗೆ ಕ್ಷಮೆ ಕೇಳಿದಿರಾ ಎಂಬುದನ್ನು ಇದುವರೆಗೆ ಒಬ್ಬರೂ ವಿಚಾರಿಸಲಿಲ್ಲ.

ಓಲೆಕಾರ (ತೀರ್ಥಹಳ್ಳಿ)

ಕೇಳಲು ಹೋದೆ, ಹಿರಿಯರೇ. ಹೊರಗೆ ಕಳುಹಿಸಿದ ಮೇಲೆ ಬಾಗಿಲ ಬಳಿ ಒಂದು ಗಂಟೆ ಕಾದೆ. ಅವರು ಮಗಳೊಂದಿಗೆ ಬಂದಾಗ ನಾನು ಪೇಟ ತೆಗೆದು ಕೈಯಲ್ಲಿ ಹಿಡಿದು, ತಪ್ಪಾಯಿತು ಎಂದೆ. ಅವರು ಸರಿ ಸರಿ ಎಂದು ಹೊರಟೇಬಿಟ್ಟರು, ಮುಖ ಇನ್ನೂ ಬಿಗಿದೇ ಇತ್ತು. ಹುಡುಗಿ ಮಾತ್ರ ತಿರುಗಿ ನೋಡಿ, "ಆ ಅಂಕಲ್‌ಗೆ ಉಂಗುರ ಸಿಕ್ಕಿತಾ?" ಎಂದು ಕೇಳಿದಳು. ಇಲ್ಲ ಎಂದೆ.

ನಿಮ್ಮೆಲ್ಲರ ಮಾತನ್ನು ಗೆಳೆಯರಿಗೆ ಓದಿ ಹೇಳಿದ್ದೇನೆ. ಮುಂದಿನ ಆಟವನ್ನು ಶಿವಮೊಗ್ಗದಲ್ಲಿಯೇ ಒಂದು ಸಭಾಂಗಣ ಹಿಡಿದು ಆಡುತ್ತೇವೆ, ಹೊರಗಿನವರು ಬಂದು ನೋಡಬಹುದು. ಆಡುವವರೆಲ್ಲರಿಗೂ ಹಸಿರು ಪಟ್ಟಿ. ಕತ್ತಿಗಳು ಒರೆಯಲ್ಲಿ ಕಟ್ಟಿಯೇ ಇರುತ್ತವೆ. ಬಾಗಿಲ ಬಳಿಯ ಒಂದು ಮೂಲೆಯನ್ನು ಚೌಕಿ ಎಂದು ಕರೆಯುತ್ತೇವೆ, ಅಲ್ಲಿ ಯಾರೂ ಪಾತ್ರದಲ್ಲಿ ಮಾತಾಡುವಂತಿಲ್ಲ. ಆಟದ ಕೊನೆಗೆ ಎಲ್ಲರೂ ಸಾಲಾಗಿ ನಿಂತು ತಾವು ಯಾರು, ಯಾರ ಕಡೆಯವರು ಎಂದು ಬಿಚ್ಚಿ ಹೇಳಬೇಕು. ಹಾರ್ಮೋನಿಯಂ ನಮ್ಮ ಬಳಿ ಇಲ್ಲ.

ದಂಡನಾಯಕ ಮಾತ್ರ ಇನ್ನೂ ಒಪ್ಪಿಲ್ಲ. ಸ್ವಯಂಸೇವಕಿ ಕೇಳಿದ ಕೂಡಲೇ ಪಾತ್ರ ಬಿಡಬೇಕಿತ್ತು ಎಂಬುದನ್ನು ಒಪ್ಪುತ್ತಾನೆ, ತೋಳಪಟ್ಟಿಯನ್ನು ಒಪ್ಪುವುದಿಲ್ಲ. ಕೆಳದಿಯ ಸೈನ್ಯದಲ್ಲಿ ಹಸಿರು ರಿಬ್ಬನ್ ಇರಲಿಲ್ಲ ಎನ್ನುತ್ತಾನೆ.

ಹವ್ಯಾಸಿ ವೇಷಧಾರಿ (ಸಾಗರ)

ನಾನು ದಂಡನಾಯಕನ ಪರ. ರಿಬ್ಬನ್ ಬದಲು ತೋಳಿಗೆ ಹಸಿರು ಬೇಗಡೆ ಹಚ್ಚಿದ ಒಂದು ತೋಳ್ಬಳೆ ಮಾಡಿಕೊಡುತ್ತೇನೆ, ಅದು ಗುರುತೂ ಆಗುತ್ತದೆ, ವೇಷವೂ ಆಗುತ್ತದೆ. ಎಷ್ಟು ಬೇಕು ಹೇಳಿ.

ಓಲೆಕಾರ (ತೀರ್ಥಹಳ್ಳಿ)

ಹದಿನಾಲ್ಕು.

ಗಾಂಧಿ ಬಜಾರ್

ಬೇಗಡೆ ಮಳೆಗಾಲದಲ್ಲಿ ಬಿಚ್ಚಿಕೊಳ್ಳುತ್ತದೆ, ಒಳ್ಳೆಯ ಅಂಟು ಬೇಕಾಗುತ್ತದೆ. ಅಂಗಡಿಗೆ ಬನ್ನಿ, ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತೇನೆ. ಯೋಗದ ಚಾಪೆಯೂ ಬಂದಿದೆ, ಒಳಗೆ ಕಪ್ಪು ಬಣ್ಣ.